ಒಂದು ಮಾನಕ, ಮೂರು ರೂಪ: ಡಿ.ವಿ. ದೃಶ್ಯಮುದ್ರಣ ಪದ್ಧತಿಯ ವಿಮರ್ಶೆ

ಮಾನಕವೆಂಬುದು ಹಲವರು ಕೂಡಿ ಒಪ್ಪಿಕೊಂಡ ಕಟ್ಟುಪಾಡು. ಒಪ್ಪಿದವರೇ ಅದನ್ನು ತಂತಮ್ಮ ಅನುಕೂಲಕ್ಕೆ ತಿದ್ದಿಕೊಂಡರೆ ಆಗುವ ಹಾನಿಯೇನು? 1995ರಲ್ಲಿ ಬಳಕೆಗೆ ಬಂದ ಡಿ.ವಿ. ಪದ್ಧತಿಯನ್ನು ನಾವು ಈ ದೃಷ್ಟಿಯಿಂದ ಪರಿಶೀಲಿಸಿದ್ದೇವೆ.

ಈ ಪದ್ಧತಿಯ ಟೇಪಿನ ಅಗಲ 6.35 ಮಿಲಿಮೀಟರು, ಅದರ ಮೇಲಣ ಮುದ್ರಣಪಥದ ಅಗಲ ಮೂಲದಲ್ಲಿ 10 ಮೈಕ್ರಾನು. ಸೋನಿ ಸಂಸ್ಥೆಯ ಡಿವಿಕ್ಯಾಮ್ ಇದನ್ನು 15 ಮೈಕ್ರಾನಿಗೂ, ಪ್ಯಾನಸಾನಿಕ್ ಸಂಸ್ಥೆಯ ಡಿವಿಸಿಪ್ರೊ 18 ಮೈಕ್ರಾನಿಗೂ ಹಿಗ್ಗಿಸಿದುವು. ಪಥ ಅಗಲವಾದಷ್ಟೂ ಸಂಕಲನಕಾರ್ಯದಲ್ಲಿ ದೋಷ ಕಡಮೆ. ಆದ್ದರಿಂದ ಈ ಮಾರ್ಪಾಟನ್ನು ಬರಿಯ ವ್ಯಾಪಾರದ ಹೂಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಕ್ಕ ಯಂತ್ರ ದೊರೆತರೆ ಈ ತೊಡಕು ಬಗೆಹರಿಯುತ್ತದೆ.

ವರ್ಣದ ವಿಷಯ ಹಾಗಲ್ಲ. ಭಾರತವೂ ಅನುಸರಿಸಿದ 625 ಗೆರೆಗಳ ಪಾಲ್ ವ್ಯವಸ್ಥೆಯಲ್ಲಿ, ಡಿ.ವಿ.ಯೂ ಡಿವಿಕ್ಯಾಮೂ ವರ್ಣಾಂಶವನ್ನು ಅಡ್ಡಲಾಗಿ ಅರ್ಧಕ್ಕೆ, ಲಂಬವಾಗಿಯೂ ಅರ್ಧಕ್ಕೆ ಇಳಿಸುತ್ತವೆ. ಸೆಕೆಂಡಿಗೆ 25 ಮೆಗಾಬಿಟ್ ದರದ ಡಿವಿಸಿಪ್ರೊ ಅಡ್ಡಲಾಗಿಯೇ ಕಾಲುಭಾಗಕ್ಕೆ ಇಳಿಸುತ್ತದೆ. ಎರಡರಲ್ಲಿಯೂ ಉಳಿಯುವುದು ಕಾಲುಭಾಗವೇ. ಆದರೆ ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ ನಷ್ಟಗಳೆರಡೂ ಕೂಡಿ, ಮೂಲವರ್ಣದ ವಿವರದಲ್ಲಿ ಎಂಟನೆಯ ಒಂದು ಪಾಲು ಮಾತ್ರ ನಿಲ್ಲುತ್ತದೆ. ಯಂತ್ರವನ್ನು ದುರಸ್ತಿಮಾಡಬಹುದು, ಕಳೆದ ವರ್ಣವನ್ನು ಮರಳಿ ತರಲಾಗದು.

ಆದುದರಿಂದ ದೃಶ್ಯಭಂಡಾರಗಳು ಈ ಮೂರನ್ನೂ ‘ಡಿ.ವಿ.’ ಎಂಬ ಒಂದೇ ಹೆಸರಿನಲ್ಲಿ ದಾಖಲಿಸುವುದು ಅಪಾಯಕರ. ಟೇಪಿನ ನಿಜರೂಪವನ್ನು ಮೊದಲು ಗುರುತಿಸಿ, ಅದರಲ್ಲಿನ ಅಂಕರೂಪದ ದತ್ತವನ್ನು ಪರಿವರ್ತಿಸದೆಯೇ ನಕಲಿಸಿ ಇರಿಸಬೇಕು. ಯಂತ್ರಗಳು ದುರ್ಲಭವಾಗುತ್ತಿರುವ ಈ ದಿನಗಳಲ್ಲಿ ಇದಕ್ಕೆ ಇನ್ನು ಹೆಚ್ಚು ಕಾಲಾವಕಾಶವಿಲ್ಲವೆಂದು ನಾವು ಭಾವಿಸುತ್ತೇವೆ.