ಓದು ಬಿಡುವವರ ಪಟ್ಟಿ ಯಾರ ಕೈಯಲ್ಲಿ?

ವಿದ್ಯಾರ್ಥಿಯೊಬ್ಬ ಅರ್ಧಕ್ಕೇ ಓದು ಬಿಡುವ ಸಾಧ್ಯತೆ ಎಷ್ಟೆಂದು ಮೊದಲೇ ಲೆಕ್ಕ ಹಾಕುವ ಪದ್ಧತಿ ಇಂದು ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಹಿಂದೆ ಓದು ಬಿಟ್ಟವರ ಅಂಕ, ಆಯ್ದುಕೊಂಡ ವಿಷಯ, ಹಣದ ಸ್ಥಿತಿಗಳನ್ನು ಕಂಪ್ಯೂಟರಿಗೆ ಕೊಟ್ಟು, ಅದೇ ಲಕ್ಷಣಗಳು ಇಂದಿನ ಯಾರಲ್ಲಿ ಕಾಣುತ್ತವೆ ಎಂದು ಹುಡುಕಲಾಗುತ್ತದೆ. ಮುಳುಗುವವರನ್ನು ಮೊದಲೇ ಗುರುತಿಸಿದರೆ ಕೈಹಿಡಿದು ಎತ್ತಬಹುದು ಎಂಬ ವಾದ ಮೇಲ್ನೋಟಕ್ಕೆ ಒಪ್ಪುವಂಥದ್ದೇ. ಆದರೆ ಆ ಪಟ್ಟಿ ಯಾರ ಕೈಗೆ ಹೋಗುತ್ತದೆ, ಅವರು ಅದರಿಂದ ಏನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ಮೇರಿಲ್ಯಾಂಡ್ ರಾಜ್ಯದ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ನಡೆದುದನ್ನು ನೋಡಿ. ಹೊಸದಾಗಿ ಸೇರಿದವರಿಗೆ ಒಂದು ಪ್ರಶ್ನಾವಳಿ ಕೊಡಲಾಯಿತು. ಇದರಲ್ಲಿ ತಪ್ಪು ಉತ್ತರವೇ ಇಲ್ಲ ಎಂದು ಅವರನ್ನು ನಂಬಿಸಲಾಯಿತು. ಖಿನ್ನತೆ, ಹಣದ ಅಡಚಣೆಗಳ ಬಗ್ಗೆಯೂ ಅದರಲ್ಲಿ ಪ್ರಶ್ನೆಗಳಿದ್ದವು. ಹಣಕಾಸು ವ್ಯವಹಾರದಿಂದ ಬಂದಿದ್ದ ಅಧ್ಯಕ್ಷ ಸೈಮನ್ ನ್ಯೂಮನ್ ಅವರ ಯೋಜನೆಯೆಂದರೆ, ಉಳಿಯುವ ಭರವಸೆಯಿಲ್ಲದ ಇಪ್ಪತ್ತು ಇಪ್ಪತ್ತೈದು ಮಂದಿಯನ್ನು ಸೆಪ್ಟೆಂಬರ್ ಮುಗಿಯುವ ಮೊದಲೇ ಮನೆಗೆ ಕಳಿಸುವುದು! ಮೊದಲ ವರ್ಷದವರಲ್ಲಿ ಎಷ್ಟು ಮಂದಿ ಎರಡನೇ ವರ್ಷಕ್ಕೆ ಮರಳಿದರು ಎಂಬ ಶೇಕಡಾವಾರು ಅಲ್ಲಿ ಸಂಸ್ಥೆಯ ಪ್ರತಿಷ್ಠೆಯ ಅಳತೆಗೋಲು. ಎಣಿಕೆಯ ದಿನಕ್ಕಿಂತ ಮೊದಲು ಹೋದವರು ಲೆಕ್ಕಕ್ಕೇ ಬರುವುದಿಲ್ಲ. ಒಬ್ಬ ವಿದ್ಯಾರ್ಥಿಗೂ ಪಾಠ ಸುಧಾರಿಸದೆ ಅಂಕಿಅಂಶವನ್ನು ಸುಧಾರಿಸುವ ದಾರಿಯಿದು. ಅಧ್ಯಾಪಕರ ವಿರೋಧದಿಂದ ಯೋಜನೆ ಜಾರಿಯಾಗಲಿಲ್ಲ. 2016ರ ಜನವರಿಯಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೇ ಇದನ್ನು ಬಯಲಿಗೆಳೆಯಿತು. ಪತ್ರಿಕೆಯ ಸಲಹೆಗಾರರಾಗಿದ್ದ ಅಧ್ಯಾಪಕರನ್ನು ವಜಾ ಮಾಡಲಾಯಿತು. ಕೊನೆಗೆ ಫೆಬ್ರವರಿ ಅಂತ್ಯಕ್ಕೆ ಅಧ್ಯಕ್ಷರೇ ರಾಜೀನಾಮೆ ಕೊಡಬೇಕಾಯಿತು.

ಇದಕ್ಕೆ ಎದುರಾಗಿ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯವನ್ನು ಎಲ್ಲರೂ ಹೊಗಳುತ್ತಾರೆ. ಆರು ವರ್ಷಗಳೊಳಗೆ ಪದವಿ ಮುಗಿಸುವವರ ಪ್ರಮಾಣ 2003ರಲ್ಲಿ ಅಲ್ಲಿ ಸುಮಾರು ಶೇ. 32ರಷ್ಟಿತ್ತು. 2010ರ ದಶಕದ ಮಧ್ಯದ ಹೊತ್ತಿಗೆ ಅದು ಶೇ. 50 ದಾಟಿತು. 2012ರಿಂದ ಅಲ್ಲಿ 800ಕ್ಕೂ ಹೆಚ್ಚು ಸೂಚನೆಗಳ ಮೇಲೆ ಕಂಪ್ಯೂಟರ್ ಕಣ್ಣಿಟ್ಟಿದೆ. ಆದರೆ ಹೊಗಳುವವರು ಕಂಪ್ಯೂಟರಿನ ಹೆಸರು ಹೇಳಿ ಉಳಿದುದನ್ನು ಮರೆಯುತ್ತಾರೆ. ಆ ಸಂಸ್ಥೆ ಹತ್ತಾರು ಹೊಸ ಸಲಹೆಗಾರರನ್ನು ನೇಮಿಸಿತು. ಸಣ್ಣ ಬಾಕಿಗಾಗಿ ಹೆಸರು ಕಳೆದುಕೊಳ್ಳಲಿದ್ದವರಿಗೆ ತಾನೇ ಹಣ ಕೊಟ್ಟಿತು. ಅಂಕೆ ಬಾಗಿಲು ತೋರಿಸಿತು ಅಷ್ಟೇ. ಬಾಗಿಲು ತಟ್ಟಿದವರು ಮನುಷ್ಯರು.

ಸದುದ್ದೇಶವಿದ್ದರೂ ಲೆಕ್ಕದ ಒಳಗೇ ಅನ್ಯಾಯ ಅಡಗಿರಬಹುದು. 'ದಿ ಮಾರ್ಕಪ್' ಪತ್ರಿಕೆ 2021ರಲ್ಲಿ ನಡೆಸಿದ ತನಿಖೆಯಲ್ಲಿ, ಹಲವು ದೊಡ್ಡ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಜನಾಂಗವನ್ನೂ ಅಪಾಯದ ಕಾರಣವಾಗಿ ಎಣಿಸುತ್ತಿದ್ದುದು ಬೆಳಕಿಗೆ ಬಂತು. ಕರಿಯ ವಿದ್ಯಾರ್ಥಿಗಳು ಬಿಳಿಯರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ 'ಹೆಚ್ಚು ಅಪಾಯ'ದ ಪಟ್ಟಿಗೆ ಬೀಳುತ್ತಿದ್ದರು. ಹಿಂದೆ ಕರಿಯರು ಹೆಚ್ಚಾಗಿ ಓದು ಬಿಟ್ಟಿದ್ದರೆ ಅದು ಅವರನ್ನು ಉಳಿಸಿಕೊಳ್ಳಲಾಗದ ಸಂಸ್ಥೆಯ ಸೋಲು. ಆ ಸೋಲನ್ನೇ ಇಂದಿನ ಹುಡುಗನ ಹಣೆಗೆ ಅಂಟಿಸುವುದು ಯಾವ ನ್ಯಾಯ? ಅಂಥವನಿಗೆ ಸಲಹೆಗಾರರು 'ನಿನಗೆ ಗಣಿತ ಬೇಡ, ಸುಲಭದ ವಿಷಯ ತೆಗೆದುಕೋ' ಎಂದುಬಿಟ್ಟರೆ, ಭವಿಷ್ಯ ನುಡಿದ ಲೆಕ್ಕವೇ ಆ ಭವಿಷ್ಯವನ್ನು ಬರೆದಂತಾಗುತ್ತದೆ.

ನಮ್ಮ ದೇಶದ ಕೊರತೆ ಬೇರೆ ಬಗೆಯದು. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕಿಳಿಯಿತು. ಇದು ಒಟ್ಟು ದಾಖಲಾತಿಯ ಲೆಕ್ಕ. ಅವರಲ್ಲಿ ಓದು ಬಿಟ್ಟವರೆಷ್ಟು, ಸೇರದೇ ಉಳಿದವರೆಷ್ಟು, ಕಾರಣ ಶುಲ್ಕವೋ ಸಂಪಾದನೆಯ ಹೊಣೆಯೋ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಲ್ಲಿ ಅಳತೆ ವ್ಯಕ್ತಿಯನ್ನು ಇರಿಯುತ್ತದೆ. ಇಲ್ಲಿ ವ್ಯಕ್ತಿ ಕಾಣುವುದೇ ಇಲ್ಲ.

ಹಾಗಾದರೆ ಅಳೆಯಬಾರದೇ? ಅಳೆಯಬೇಕು. ಆದರೆ ವಿದ್ಯಾರ್ಥಿಗೆ ತನ್ನ ಬಗ್ಗೆ ಏನು ಬರೆಯಲಾಗಿದೆ ಎಂದು ತಿಳಿಯಬೇಕು. ಹುಟ್ಟನ್ನು ಅಪಾಯವೆಂದು ಎಣಿಸಬಾರದು. ಅಂಕೆ ಏರಿದಾಗ ಮೊದಲು ಉತ್ತರ ಕೊಡಬೇಕಾದದ್ದು ಸಂಸ್ಥೆ. ವೈದ್ಯರು ಜ್ವರ ನೋಡುವುದು ಔಷಧ ಕೊಡಲಿಕ್ಕೇ ಹೊರತು, ಆಸ್ಪತ್ರೆಯ ಸಾವಿನ ಲೆಕ್ಕ ಕಡಿಮೆಯಾಗಲೆಂದು ರೋಗಿಯನ್ನು ಬೀದಿಗೆ ಬಿಡಲಿಕ್ಕಲ್ಲ.