ಕಲ್ಲಿನ ಕಥೆಯೂ ಕನ್ನಡವೂ

ಶಾಸ್ತ್ರಗ್ರಂಥದಲ್ಲಿ ವಿಷಯವು ಸರಿಯಾಗಿದ್ದರೆ ಸಾಲದೆ, ಅದಕ್ಕೂ ವಿಮರ್ಶೆಯೇತಕ್ಕೆ ಎಂದು ಕೇಳುವವರುಂಟು. ಸಾಲದು. ಮಾತು ತಪ್ಪಿದರೆ ವಿಷಯವೂ ತಪ್ಪುತ್ತದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡವು ಶಾಸ್ತ್ರವನ್ನು ಹೇಳಬಲ್ಲುದೆಂಬುದರಲ್ಲಿ ಸಂದೇಹವಿಲ್ಲ. ಹೇಗೆ ಹೇಳುತ್ತಿದೆಯೆಂಬುದೇ ಪ್ರಶ್ನೆ. ಭೂಮಿಯ ರಚನೆಯನ್ನು ಕುರಿತ ಬರೆಹಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಮೊದಲನೆಯ ದೋಷವು ಉಪಮಾನದ್ದು. ಭೂಮಿಯ ಒಡಲೆಲ್ಲ ಬೆಂಕಿಯ ಕಡಲು, ನಾವು ನಿಂತ ನೆಲ ಅದರ ಮೇಲಣ ಕೆನೆ ಎನ್ನುವುದು ಕಿವಿಗೆ ಇಂಪು, ಆದರೆ ನಿಜವಲ್ಲ. ನೆಲದಿಂದ ಕೇಂದ್ರಕ್ಕೆ ಸುಮಾರು 6,371 ಕಿಲೋಮೀಟರು. ಖಂಡಗಳಲ್ಲಿ ಭೂಕವಚದ ದಪ್ಪ ಸಾಮಾನ್ಯವಾಗಿ 35 ಕಿಲೋಮೀಟರಿನ ಆಸುಪಾಸು. ಅದರ ಕೆಳಗೆ 2,900 ಕಿಲೋಮೀಟರಿನವರೆಗಿನ ಮ್ಯಾಂಟಲ್ ಅತ್ಯಂತ ಬಿಸಿಯಾದರೂ ಬಹುಮಟ್ಟಿಗೆ ಘನಶಿಲೆಯೇ. ಭೂಕಂಪದ ಅಲೆಗಳಲ್ಲಿ ದ್ರವವನ್ನು ಹಾಯಲಾರದ ಒಂದು ಬಗೆಯುಂಟು. ಅದು ಮ್ಯಾಂಟಲನ್ನು ಹಾಯ್ದು ಬರುತ್ತದೆ. ದ್ರವವಾಗಿರುವುದು ಅದರಾಚೆಯ ಹೊರತಿರುಳು. ಅದರೊಳಗೆ ಮತ್ತೊಂದು ತಿರುಳುಂಟೆಂದು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ವಿದುಷಿ.

ಎರಡನೆಯದು ಉದಾಹರಣೆಯ ದೋಷ. ಅಗ್ನಿಶಿಲೆಯೆಂದೊಡನೆ ನಮ್ಮ ಲೇಖಕರ ಕಣ್ಣು ವೆಸೂವಿಯಸ್ಸಿನ ಕಡೆಗೆ ಹೊರಳುತ್ತದೆ. ಕವಿತಾಳದ ವಿದ್ಯಾರ್ಥಿಯು ತನ್ನ ಸೀಮೆಯ ಕಲ್ಲುಗುಂಡನ್ನು ಯಾವ ವರ್ಗಕ್ಕೆ ಸೇರಿಸಬೇಕು? ಗ್ರಾನೈಟು ಬೆಟ್ಟದ ಬಾಯಿಂದ ಉಕ್ಕಿದ್ದಲ್ಲ. ನೆಲದಾಳದಲ್ಲಿ ಮೆಲ್ಲಮೆಲ್ಲನೆ ಆರಿದ್ದು. ಆದುದರಿಂದಲೇ ಅದರ ಹರಳುಗಳು ಕಣ್ಣಿಗೆ ಕಾಣುವಷ್ಟು ಬೆಳೆದುವು. ಮೇಲಿದ್ದುದೆಲ್ಲ ಯುಗಯುಗಗಳಲ್ಲಿ ಸವೆದುಹೋದ ಮೇಲೆ ಅದು ಬಯಲಿಗೆ ಬಂದಿತು. ಕರ್ನಾಟಕದ ಪೂರ್ವಭಾಗದ ಇಂತಹ ಶಿಲೆಗಳಲ್ಲಿ ಬಹುಪಾಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹಟ್ಟಿಯ ಕಪ್ಪುಶಿಲೆಯಾದರೋ ಒಂದು ಕಾಲಕ್ಕೆ ಲಾವಾರಸವಾಗಿ ಹರಿದು, ಬಳಿಕ ಕಾವು ಒತ್ತಡಗಳಿಂದ ಬೇರೆ ರೂಪವನ್ನು ತಾಳಿದುದು. ಅದನ್ನು ಸೀಳಿದ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. ಇಂತಹ ಶಿಲಾಸಮೂಹಕ್ಕೆ 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟರು ಧಾರವಾಡದ ಹೆಸರನ್ನಿಟ್ಟರು.

ಪರಿಭಾಷೆಯೆಲ್ಲವೂ ಕೆಟ್ಟದೆಂದು ನಾವು ಹೇಳುವುದಿಲ್ಲ. ‘ಕಣಶಿಲೆ’, ‘ರೂಪಾಂತರ ಶಿಲೆ’ ಎಂಬಿವು ಹೆಸರಿನಲ್ಲಿಯೇ ಹುಟ್ಟನ್ನು ತಿಳಿಸುವ ಸೊಗಸಾದ ಪದಗಳು. ‘ಅಂತಸ್ಸರಣ ಶಿಲೆ’ಯಾದರೆ ವಿವರಣೆಯಿಲ್ಲದೆ ಅರ್ಥವಾಗದು; ‘ಒಳಗೇ ಆರಿದ ಕಲ್ಲು’ ಎಂದು ಒಂದು ಮಾತು ಸೇರಿಸಿದರೆ ಶಾಸ್ತ್ರಕ್ಕೇನೂ ಕುಂದಿಲ್ಲ.

1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡುಹಿಡಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಆ ಬಂಡೆಯ ಮೇಲಣ ಬರೆಹ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಬಂಡೆಯ ಕಥೆ ಅದಕ್ಕಿಂತ ಎಷ್ಟೋ ಪಾಲು ಹಿಂದಿನದು. ಮೊದಲನೆಯದನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದುತ್ತಿದ್ದಾರೆ. ಎರಡನೆಯದನ್ನೂ ಅಷ್ಟೇ ತಿಳಿಯಾಗಿ ಓದಿಸುವ ಲೇಖಕರು ನಮಗೆ ಬೇಕು.