ಸಂಶೋಧನೆಯ ಚಿತ್ರರೂಪ ಮತ್ತು ಗ್ರಂಥಪಾಲರ ಹೊಣೆ

ಸಂಶೋಧನೆಯ ಫಲಗಳನ್ನು ಸ್ತಂಭಚಿತ್ರ, ಭೂಪಟ, ಜಾಲಚಿತ್ರ ಮೊದಲಾದ ರೂಪಗಳಲ್ಲಿ ಓದುಗರ ಮುಂದಿಡುವ ಕಾರ್ಯವನ್ನು ಈಚಿನ ವರ್ಷಗಳಲ್ಲಿ ವಿಶ್ವವಿದ್ಯಾನಿಲಯಗಳ ಗ್ರಂಥಪಾಲರು ಕೈಗೊಳ್ಳತೊಡಗಿದ್ದಾರೆ. ಇದು ಸ್ವಾಗತಾರ್ಹವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಓದುಗನ ಕಾಲವನ್ನು ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಗ್ರಂಥಾಲಯಸೂತ್ರಗಳಲ್ಲಿ ಒಂದು; ದಪ್ಪ ಸೂಚಿಯೊಂದರಲ್ಲಿ ಅರಸಬೇಕಾದುದನ್ನು ಒಂದೇ ಹಾಳೆಯಲ್ಲಿ ತೋರಿಸುವ ಚಿತ್ರ ಆ ಸೂತ್ರಕ್ಕೆ ಹೊರತಾದುದಲ್ಲ. ಆದರೆ ಆ ಹಾಳೆಯಲ್ಲಿ ಕಾಣುತ್ತಿರುವುದು ಸಂಶೋಧನೆಯ ವಿಷಯವೇ, ಅಥವಾ ಆ ವಿಷಯವಾಗಿ ಗ್ರಂಥಾಲಯದ ಕೈಗೆ ದೊರೆತ ಸಾಮಗ್ರಿ ಮಾತ್ರವೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಇವೆರಡನ್ನೂ ಒಂದೆಂದು ಬಗೆದರೆ ಆಗುವ ಪ್ರಮಾದವನ್ನು ನಮ್ಮ ಶಾಸನಗಳ ನಿದರ್ಶನದಿಂದಲೇ ತೋರಿಸಬಹುದು.

ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' 1886ರ ಕೊಡಗಿನ ಸಂಪುಟದಿಂದ ಮೊದಲ್ಗೊಂಡು ಹನ್ನೆರಡು ಸಂಪುಟಗಳಾಗಿ ಬೆಳೆಯಿತು. ಜಿಲ್ಲೆಗಳ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಅವನ್ನೆಣಿಸಿ ಭೂಪಟದ ಮೇಲೆ ಚುಕ್ಕೆಯಿಡುವುದು ಕಷ್ಟದ ಕೆಲಸವೇನಲ್ಲ. ಹಾಗೆ ಇಟ್ಟರೆ ಶಿಕಾರಿಪುರ, ಸೊರಬ ತಾಲ್ಲೂಕುಗಳು ಚುಕ್ಕೆಗಳಿಂದ ಕಿಕ್ಕಿರಿಯುತ್ತವೆ. ಅವುಗಳಿಗೆ ಹೊಂದಿಕೊಂಡೇ ಇರುವ ಹಿರೇಕೆರೂರು, ಹಾನಗಲ್ಲು ಬೋಳಾಗಿ ಕಾಣುತ್ತವೆ. ಇದನ್ನು ನೋಡಿದ ವಿದ್ಯಾರ್ಥಿ ಏನೆಂದು ತಿಳಿಯಬೇಕು? ಚಾಲುಕ್ಯರ ಕಾಲದ ದಾನಧರ್ಮಗಳೆಲ್ಲ ಬಳ್ಳಿಗಾವೆಯ ಸುತ್ತಲೇ ನಡೆದುವು, ಹಾನಗಲ್ಲಿನ ಕಡೆ ಯಾರೂ ಕಲ್ಲು ನೆಡಿಸಲಿಲ್ಲವೆಂದು ಅವನು ಬರೆದರೆ ಆ ತಪ್ಪು ಅವನೊಬ್ಬನದಲ್ಲ. ರೈಸ್ ಅವರ ಕಾರ್ಯಕ್ಷೇತ್ರ ಮೈಸೂರು ಸಂಸ್ಥಾನ ಮತ್ತು ಕೊಡಗು. ಹಾನಗಲ್ಲು, ಹಿರೇಕೆರೂರುಗಳು ಅಂದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ಭಾಗದ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಬೊಂಬಾಯಿ-ಕರ್ನಾಟಕ ಸಂಪುಟಗಳಲ್ಲಿಯೂ, ಮದ್ರಾಸ್ ಆಧಿಪತ್ಯದಲ್ಲಿದ್ದ ಬಳ್ಳಾರಿಯವು ಅದೇ ಮಾಲೆಯ ಒಂಬತ್ತನೆಯ ಸಂಪುಟದಲ್ಲಿಯೂ ಇವೆ. ಭೂಪಟದ ಮೇಲಿನ ಬರಿದು ಹನ್ನೊಂದನೆಯ ಶತಮಾನಕ್ಕೆ ಸೇರಿದುದಲ್ಲ. 1956ಕ್ಕೆ ಹಿಂದಿದ್ದ ಆಡಳಿತದ ಗಡಿಯೇ ಅಲ್ಲಿ ಚಿತ್ರಿತವಾಗಿದೆ. ಎಲ್ಲ ಮಾಲೆಗಳನ್ನೂ ಕೂಡಿಸಿದಮಾತ್ರಕ್ಕೆ ತೊಡಕು ತೀರುವುದೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಹೊಸದಾಗಿ ದೊರೆತ ಶಾಸನಗಳೂ ಸೇರಿವೆ. ಮತ್ತೆ ಹುಡುಕಿದ ತಾಲ್ಲೂಕಿನಲ್ಲಿ ಚುಕ್ಕೆ ಹೆಚ್ಚುತ್ತದೆ, ಹುಡುಕದೆಡೆ ಹೆಚ್ಚುವುದಿಲ್ಲ.

ಕಾಲದ ವಿಷಯದಲ್ಲಿ ಎಡವುವುದು ಇನ್ನೂ ಸುಲಭ. ತೇದಿಯಿಲ್ಲದ ಶಾಸನಗಳಿಗೆ ರೈಸ್ ಅವರು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು 'ಸುಮಾರು' ಇಂತಹ ಇಸವಿಯೆಂದು ಸೂಚಿಸಿದ್ದಾರೆ. ಗಣಕಯಂತ್ರದ ಕೋಷ್ಟಕಕ್ಕೆ ಅದನ್ನು ಏರಿಸುವಾಗ ಮೊದಲು ಉದುರಿಹೋಗುವುದು ಆ ಚಿಹ್ನೆ, ಆಮೇಲೆ 'ಸುಮಾರು' ಎಂಬ ಮಾತು. ಉಳಿಯುವುದು ಅಂಕಿ ಮಾತ್ರ. ಸುಮಾರು 1100 ಎಂದು ಊಹಿಸಿದ ಶಾಸನಗಳನ್ನು ಹನ್ನೊಂದನೆಯ ಶತಮಾನಕ್ಕೆ ಸೇರಿಸಬೇಕೋ ಹನ್ನೆರಡನೆಯದಕ್ಕೋ? ಕೋಷ್ಟಕ ತುಂಬುವವರು ಯಾವ ಕಡೆಗೆ ತಳ್ಳಿದರೆ ಆ ಕಡೆಯ ಸ್ತಂಭ ಎತ್ತರವಾಗುತ್ತದೆ, ಆ ಎತ್ತರಕ್ಕೆ ರಾಜಕೀಯ ಕಾರಣಗಳನ್ನು ಹುಡುಕುವವರು ಆಮೇಲೆ ಬರುತ್ತಾರೆ.

ಇಷ್ಟೆಲ್ಲ ಸೂಕ್ಷ್ಮಗಳನ್ನು ತುಂಬಿದರೆ ಚಿತ್ರದ ಸ್ಪಷ್ಟತೆ ಕೆಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇಂಗ್ಲೆಂಡಿನ ವಾರಿಂಗ್ಟನ್ ಅಕಾಡೆಮಿಯಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಪ್ರೀಸ್ಟ್‌ಲಿ 1765ರಲ್ಲಿ ಪ್ರಕಟಿಸಿದ ಜೀವಿತರೇಖಾಪಟವೇ ಅವರಿಗೆ ಉತ್ತರ. ಸುಮಾರು ಎರಡು ಸಾವಿರ ಪ್ರಸಿದ್ಧರ ಆಯುಷ್ಯವನ್ನು ಅವನು ಒಂದೇ ಹಾಳೆಯ ಮೇಲೆ ಗೆರೆಗಳಾಗಿ ಎಳೆದ. ಹುಟ್ಟು ಸಾವುಗಳ ಕಾಲ ನಿಶ್ಚಿತವಲ್ಲದೆಡೆ ಗೆರೆಗೆ ಬದಲು ಚುಕ್ಕೆಗಳನ್ನಿಟ್ಟ. ಪಟವನ್ನು ಓದುವ ಬಗೆಯನ್ನು ವಿವರಿಸುವ ಕಿರುಹೊತ್ತಗೆಯನ್ನೂ ಬರೆದ. ತಾಮ್ರದ ತಗಡಿನ ಮೇಲೆ ಕೈಯಿಂದ ಕೊರೆಯಿಸಬೇಕಾಗಿದ್ದ ಕಾಲದಲ್ಲಿ ಸಾಧ್ಯವಾದುದು ಇಂದು ಅಸಾಧ್ಯವೆನ್ನಲು ಕಾರಣ ಕಾಣೆವು.

ಉಲ್ಲೇಖಗಳ ಜಾಲಚಿತ್ರಗಳದು ಬೇರೊಂದು ಕಥೆ, ನಮ್ಮ ವಿಭಾಗಗಳಿಗೆ ಹೆಚ್ಚು ಅಪಾಯದ ಕಥೆ. ಯಾರ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂಬುದನ್ನು ಲೆಕ್ಕವಿಡುವ ಕ್ರಮ ಯೂಜೀನ್ ಗಾರ್‌ಫೀಲ್ಡ್ ಅವರ 1964ರ ವಿಜ್ಞಾನ ಉಲ್ಲೇಖಸೂಚಿಯಿಂದ ಬಲಗೊಂಡಿತು. ಇಂದಿನ ವೆಬ್ ಆಫ್ ಸೈನ್ಸ್, ಸ್ಕೋಪಸ್ ಸೂಚಿಗಳಿಂದ ಅಂಕಿಗಳನ್ನು ಪಡೆದು ವಿಓಎಸ್‌ವ್ಯೂವರ್‌ನಂತಹ ಸಾಧನದಲ್ಲಿ ಹಾಕಿದರೆ ನಿಮಿಷದೊಳಗೆ ಬಣ್ಣದ ಜಾಲ ಸಿದ್ಧ. ಆದರೆ ಕನ್ನಡದ ಸಂಶೋಧನ ಗ್ರಂಥಗಳೂ ಅಭಿನಂದನ ಸಂಪುಟಗಳ ಲೇಖನಗಳೂ ಆ ಸೂಚಿಗಳಲ್ಲಿ ಬಹುಮಟ್ಟಿಗೆ ಸೇರಿಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಅಚ್ಚಾಯಿತು. ಅದನ್ನು ಓದದೆ ಶಾಸನಗಳ ಮೇಲೆ ಕೈಯಿಡುವ ಕನ್ನಡ ವಿದ್ಯಾರ್ಥಿ ಇರಲಾರ. ಅಂತಹ ಗ್ರಂಥಕ್ಕೂ ಈ ಜಾಲದಲ್ಲಿ ಜಾಗ ಸಿಗಬೇಕಾದರೆ ಇಂಗ್ಲಿಷ್ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ಅದರ ಹೆಸರು ಬರಬೇಕು. ಬಂದರೂ ರೋಮನ್ ಲಿಪಿಯಲ್ಲಿ ಮೂರು ಬಗೆಯ ಕಾಗುಣಿತ ತಳೆದು ಮೂರು ಗ್ರಂಥಗಳಾಗಿ ಒಡೆಯುವ ಸಂಭವವುಂಟು. ಇಂತಹ ಚಿತ್ರವನ್ನು ಮುಂದಿಟ್ಟುಕೊಂಡು ಇತಿಹಾಸ ವಿಭಾಗದ ದುಡಿಮೆಯನ್ನು ತೂಗಲು ಹೊರಟರೆ ಕನ್ನಡದಲ್ಲಿ ಬರೆಯುವವನು ಬರೆಯದವನಿಗೆ ಸಮನಾಗುತ್ತಾನೆ.

ದೋಷವನ್ನೆಲ್ಲ ಗ್ರಂಥಪಾಲರ ಮೇಲೆ ಹೊರಿಸುವುದು ನ್ಯಾಯವಲ್ಲ. ಯಾವ ಸಂಪುಟ ಯಾವ ಸೀಮೆಯನ್ನು ಒಳಗೊಂಡಿದೆ, ಯಾವ ತೇದಿ ಲಿಪಿಯಿಂದ ಊಹಿಸಿದುದು ಎಂಬುದನ್ನು ಬಲ್ಲವರು ಇತಿಹಾಸದ ಅಧ್ಯಾಪಕರು. ನಾವು ಕೋಷ್ಟಕವನ್ನು ನೋಡುವ ಗೋಜಿಗೇ ಹೋಗದೆ, ಚಿತ್ರ ಗೋಡೆಗೇರಿದ ಮೇಲೆ ಆಕ್ಷೇಪಿಸುತ್ತೇವೆ. ಆರಂಭಕ್ಕೆ ಒಂದು ಶಾಸನಪಟವನ್ನಾದರೂ ಉಭಯರೂ ಕುಳಿತು ಸಿದ್ಧಗೊಳಿಸಬಹುದು. ಶಾಸನ ದೊರೆಯದ ತಾಲ್ಲೂಕನ್ನು ಬಿಳಿಯಾಗಿ ಬಿಟ್ಟು, ಬಳಸಿದ ಸಂಪುಟಗಳ ವ್ಯಾಪ್ತಿಗೆ ಬಾರದ ತಾಲ್ಲೂಕಿಗೆ ಓರೆಗೆರೆ ಎಳೆಯಬೇಕು. ಊಹೆಯ ತೇದಿಗೆ ತುಂಬಿದ ಚುಕ್ಕೆಯ ಬದಲು ಬರಿಯ ವೃತ್ತವಿಡಬೇಕು. ಪಟದ ಅಂಚಿನಲ್ಲಿ ಆಕರ ಸಂಪುಟಗಳ ಹೆಸರನ್ನೂ ಅವುಗಳ ಮುದ್ರಣದ ಇಸವಿಯನ್ನೂ ಪಟದ ಅಕ್ಷರಗಳಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಬೇಕು.